ಕೆರೆಯನ್ನು ತಡೆದ ಹೆಬ್ಬೆರಳು

ಒಂದು ಇಡೀ ಕೆರೆಯನ್ನು ನಾನು ಮುಕ್ಕಾಲು ಗಂಟೆ ನನ್ನ ಕಾಲಿನ ಹೆಬ್ಬೆರಳೊಂದರಿಂದ ತಡೆದು ನಿಲ್ಲಿಸಿದ್ದೇನೆ. ಕೆರೆ ಎಂದರೆ ಹೊಂಡವಲ್ಲ; ಈ ದಡದಲ್ಲಿ ಸೀನಿದರೆ ಆ ದಡದವರು ಮರುದಿನ ಬೆಳಿಗ್ಗೆ ತಿರುಗಿ ನೋಡುತ್ತಾರೆ.

ನನ್ನದು ವಿಹಾರಕ್ಕೆ ಬಂದವರನ್ನು ಮೋಟಾರು ದೋಣಿಯಲ್ಲಿ ಸುತ್ತಿಸುವ ಕೆಲಸ. ಟಿಕೆಟ್ ಕಿಟಕಿಯಲ್ಲಿ ನನ್ನ ಹೆಂಡತಿ, ಪಕ್ಕದ ಲೈಫ್ ಜಾಕೆಟ್ ಕೋಣೆಯಲ್ಲಿ ನನ್ನ ಅತ್ತೆ. ಅತ್ತೆ ನಲವತ್ತು ವರ್ಷ ಬಟ್ಟೆ ಹೊಲಿದವರು. ಈಗ ಕಿತ್ತುಹೋದ ಜಾಕೆಟ್ ಪಟ್ಟಿಗಳನ್ನು ಹೊಲಿಯುತ್ತಾರೆ. ಬಂದವರಿಗೆ ಜಾಕೆಟ್ಟನ್ನು ಉಸಿರು ಕಟ್ಟುವಷ್ಟು ಬಿಗಿದು, "ಈಗ ಹೋಗಿ ಬನ್ನಿ" ಎನ್ನುತ್ತಾರೆ.

ದೋಣಿ ಬಿಡುವ ಮೊದಲು ಸುರಕ್ಷತೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂಬ ನಿಯಮವಿದೆ. ನಾನು ನಾಲ್ಕನ್ನು ನಾನೂರು ಮಾಡಿ ಈ ಕಥೆ ಹೇಳುತ್ತೇನೆ. ಹೋದ ಭಾನುವಾರ ಬೆಳಿಗ್ಗೆಯೂ, ತೊಳೆದ ದೋಣಿ ಇನ್ನೂ ದಡದ ಮೇಲಿದ್ದಾಗಲೇ ಶುರು ಮಾಡಿದೆ.

"ಎರಡು ವರ್ಷದ ಹಿಂದೆ ನಮ್ಮತ್ತೆನ ಮೊದಲ ಸಲ ದೋಣಿ ಹತ್ತಿಸಿದೆ. ಅವರಿಗೆ ಈಜು ಬರಲ್ಲ. 'ರೀ, ಅಮ್ಮನ ಹೇಗೆ ಕರ್ಕೊಂಡು ಹೋಗ್ತೀರೋ ಹಾಗೇ ವಾಪಸ್ ಕರ್ಕೊಂಡು ಬರಬೇಕು. ಏನಾದ್ರೂ ಎಡವಟ್ಟಾಯ್ತೋ, ಇನ್ಮೇಲೆ ದೋಣಿ ಕೀಲಿ ಮುಟ್ಟೋ ಹಾಗಿಲ್ಲ' ಅಂತ ನನ್ನ ಹೆಂಡತಿ ಹೇಳಿದ್ಲು. ನಡುನೀರಿಗೆ ಹೋದ್ವಿ. ಬಸ್ಸಿನಷ್ಟು ಉದ್ದದ ಮೀನೊಂದು ಬಂದು ದೋಣಿಯ ಬಿರಡೆನೇ ಕಚ್ಚಿ ಎಳ್ಕೊಂಡು ಹೋಯ್ತು!"

ದೋಣಿಯ ಹಿಂಭಾಗದಲ್ಲಿ, ತಳಕ್ಕೆ ಹತ್ತಿರ ಒಂದು ತೂತಿರುತ್ತದೆ. ತೊಳೆದ ನೀರು ಹರಿದುಹೋಗಲೆಂದು ಅದರ ಬಿರಡೆ ತೆಗೆಯುತ್ತೇವೆ, ನೀರಿಗಿಳಿಸುವ ಮೊದಲು ಹಾಕುತ್ತೇವೆ.

"ನಾನು ಹೆದರಲಿಲ್ಲ. ತೂತಿಗೆ ಹೆಬ್ಬೆರಳು ಇಟ್ಟೆ. ಒಂದು ಕೈಲಿ ಚುಕ್ಕಾಣಿ, ಇನ್ನೊಂದರಲ್ಲಿ ಬಕೆಟ್, ಬಾಯಲ್ಲಿ ಸೀಟಿ. ಜೊತೆಗೆ ಅತ್ತೆಗೆ ಧೈರ್ಯ ಬೇರೆ ಹೇಳ್ತಿದ್ದೆ."

"ಬಾಯಲ್ಲಿ ಸೀಟಿ ಇಟ್ಕೊಂಡು ಧೈರ್ಯ ಹೇಗೆ ಹೇಳಿದ್ರಿ ಅಣ್ಣಾ?" ಎಂದ ಒಬ್ಬ ಕನ್ನಡಕದವ.

"ಮೂಗಲ್ಲಿ."

"ಆಗ ನಿಮ್ಮತ್ತೆ ಏನು ಮಾಡ್ತಿದ್ರು?" ಎಂದು ಅವನ ಹೆಂಡತಿ ಕೇಳಿದಳು.

ಅಲ್ಲೇ ನಾನು ಜಾರಿದ್ದು. ಎರಡು ವರ್ಷದಿಂದ ಕಥೆಯಲ್ಲಿ ಅತ್ತೆಯನ್ನು ಸುಮ್ಮನೆ ಕೂರಿಸಿದ್ದೆ. ಅವತ್ತು ನಾಲಿಗೆಗೆ ಮದ ಬಂತು. "ಅವರಾ? ಕಿಟಾರನೆ ಕಿರುಚಿ ಮೂರ್ಛೆ ಹೋದ್ರು!"

ಕೋಣೆಯೊಳಗೆ ಹೊಲಿಗೆ ಯಂತ್ರ ನಿಂತಿತು.

"ಮೂರ್ಛೆ ಹೋಗಿದ್ದು ಯಾರು, ಅಳಿಯಂದಿರೇ?"

ಅತ್ತೆ ಬಾಗಿಲಲ್ಲಿದ್ದರು. ಕಿಟಕಿಯಿಂದ ಹೆಂಡತಿಯೂ ಎದ್ದು ಬಂದಳು. "ಅಮ್ಮಾ, ಅಳಿಯಂದಿರು ಇದ್ದಿದ್ದಕ್ಕೆ ಬದುಕಿ ಬಂದೆ ಅಂತ ನೀನೇ ಹೇಳಿದ್ಯಲ್ಲಾ?"

"ಹೇಳಿದ್ದೆ. ಮೂರ್ಛೆ ಹೋದೆ ಅಂತ ಹೇಳಿರಲಿಲ್ಲ."

ಹೆಂಡತಿ ನನ್ನ ಕಡೆ ತಿರುಗಿದಳು. "ಚಪ್ಪಲಿ ಬಿಡಿ. ತೂತು ಇಲ್ಲೇ ಇದೆ. ಬೆರಳಿಟ್ಟು ತೋರ್ಸಿ."

ದೋಣಿ ಹತ್ತಿದೆ. ನನ್ನ ಹೆಬ್ಬೆರಳು ನಿಂಬೆಹಣ್ಣಿನ ಗಾತ್ರದ್ದು. ಎಷ್ಟು ತಿರುಗಿಸಿದರೂ ಉಗುರಿನಾಚೆ ತೂತಿಗೆ ಇಳಿಯಲಿಲ್ಲ.

"ಆಗಿನಿಂದ ತೂತು ಸೊರಗಿರಬೇಕು," ಎಂದ ಕನ್ನಡಕದವ.

ಅತ್ತೆ ಹತ್ತಿ ಬಂದು ಕಾಲು ಚಾಚಿದರು. ಕಾಜದಲ್ಲಿ ಗುಂಡಿ ಕೂರುವಂತೆ ಅವರ ಹೆಬ್ಬೆರಳು ತೂತಿನಲ್ಲಿ ಕೂತಿತು.

ಇನ್ನೇನು ಉಳಿಯಿತು? ಎಲ್ಲರ ಎದುರೇ ಒಪ್ಪಿಕೊಂಡೆ. ಮೀನು ಇರಲಿಲ್ಲ. ಬೆಳಿಗ್ಗೆ ದೋಣಿ ತೊಳೆದು, ಬಿರಡೆಯನ್ನು ಅಂಗಿ ಜೇಬಿಗೆ ಹಾಕಿಕೊಂಡು ಮರೆತಿದ್ದೆ. ಪಾದ ಮುಳುಗುವಷ್ಟು ನೀರು ಕಂಡದ್ದೇ ಚುಕ್ಕಾಣಿಯನ್ನು ತಬ್ಬಿಕೊಂಡು ಕಣ್ಣು ಮುಚ್ಚಿದೆ. ಈಜು ಬಾರದ ಆ ಹೆಂಗಸು ನೀರು ಉಕ್ಕುವ ಜಾಗವನ್ನು ಕೈಯಲ್ಲಿ ತಡವಿ ಹುಡುಕಿ ಕಾಲಿನ ಹೆಬ್ಬೆರಳಿಟ್ಟರು. "ಕಣ್ಣು ಬಿಡಿ ಅಳಿಯಂದಿರೇ. ನೀವು ದಡ ನೋಡಿ ಓಡಿಸಿ, ಸಾಕು. ನಾನು ಎಲ್ಲೂ ಹೋಗಲ್ಲ," ಎಂದರು. ಮುಕ್ಕಾಲು ಗಂಟೆಯಲ್ಲ, ಆರು ನಿಮಿಷ. ದಡ ಸೇರಿದ ಮೇಲೆ ಜೇಬಿನಲ್ಲಿ ಬಿರಡೆ ಕಂಡಿತು. ಅವರಿಗೂ ಕಂಡಿತು. ಮಗಳಿಗೆ ಹೇಳಲಿಲ್ಲ. ಸಂಜೆ ಕುತ್ತಿಗೆಗೆ ಹಾಕಿಕೊಳ್ಳಲು ಕೆಂಪು ಪಟ್ಟಿಯೊಂದನ್ನು ಹೊಲಿದು ತಂದು ಅದಕ್ಕೆ ಕೀಲಿಯನ್ನೂ, ಟಿಚ್ ಬಟನ್‌ನಲ್ಲಿ ಬಿರಡೆಯನ್ನೂ ಸಿಕ್ಕಿಸಿದರು. ಕೀಲಿಯ ಪಕ್ಕದಲ್ಲೇ ಬಿರಡೆ ತೂಗಾಡುತ್ತಿರುವಾಗ, ಅದನ್ನು ತೂತಿಗೆ ಹಾಕಲು ಮರೆತು ಕೀಲಿ ತಿರುಗಿಸುವುದಾದರೂ ಹೇಗೆ?

ಹೆಂಡತಿ ಕೈ ಚಾಚಿದಳು. ಕುತ್ತಿಗೆಯಿಂದ ಪಟ್ಟಿ ತೆಗೆದುಕೊಟ್ಟೆ. ಅವಳು ಅದನ್ನು ಅಮ್ಮನ ಕೈಗಿಟ್ಟಳು. "ನೀನೇ ಹೇಳಮ್ಮ, ಇವರು ಓಡಿಸ್ಬೇಕಾ?"

ಅತ್ತೆ ಬಿರಡೆ ಕಳಚಿ ತೂತಿಗೆ ಹಾಕಿ ಬಿಗಿದರು. ಕೀಲಿಯನ್ನು ಮತ್ತೆ ನನ್ನ ಕುತ್ತಿಗೆಗೇ ಹಾಕಿದರು.

"ಕಣ್ಣು ಬಿಟ್ಟ ಮೇಲೆ ಚೆನ್ನಾಗೇ ಓಡಿಸಿದ್ರು ಕಣೇ. ಆದ್ರೆ ಇನ್ಮೇಲೆ ಸುರಕ್ಷತೆಯ ಮಾತು ನಾನು ಹೇಳ್ತೀನಿ."

ಈಗ ಅವರೇ ಹೇಳುತ್ತಾರೆ, ನಾಲ್ಕೇ ಮಾತು. ಇದನ್ನು ಬರೆದು ಅವರಿಗೆ ಓದಿ ಹೇಳಿದಾಗ ಒಂದೇ ತಪ್ಪು ತೋರಿಸಿದರು: ಆರು ನಿಮಿಷ ಎಂದೆನಲ್ಲ, ಅದೂ ಹೆಚ್ಚೇ. ನಾಲ್ಕು.