ಅರ್ಥಶಾಸ್ತ್ರಕ್ಕೊಂದು ಹೂಪ್ರಸಾದ

ಮುತ್ತಿನಕೊಪ್ಪದ ರೇಣುಕಪ್ಪ ಊರ ದೇವಿಯ ಹತ್ತಿರ ಹೂ ಕೇಳದೆ ಯಾವ ಕೆಲಸಕ್ಕೂ ಕೈ ಹಾಕಿದವರಲ್ಲ. ಬೋರು ಕೊರೆಸುವಾಗ ಕೇಳಿದ್ದರು, ಟಿಲ್ಲರ್ ತರುವಾಗ ಕೇಳಿದ್ದರು, ಹಿತ್ತಲ ಹಲಸಿನ ಮರ ಕಡಿಸಬೇಕೇ ಬೇಡವೇ ಎಂದೂ ಕೇಳಿದ್ದರು. ದೇವಿಯ ಮೈಗೆ ಅಂಟಿಸಿದ ಒದ್ದೆ ಹೂ ಬಲಕ್ಕೆ ಬಿದ್ದರೆ ಆಗಬಹುದು, ಎಡಕ್ಕೆ ಬಿದ್ದರೆ ಬೇಡ. ಇಷ್ಟು ಸಲೀಸಾದ ವ್ಯವಸ್ಥೆ ಇರುವಾಗ ತಲೆ ಕೆಡಿಸಿಕೊಳ್ಳುವ ಕರ್ಮ ಯಾರಿಗೆ ಬೇಕು? ಈಗ ಸರದಿ ಮಗಳು ಮೇಘನಳ ಓದಿನದು.

ಬಿ.ಎ. ಮುಗಿಸಿದ ಮೇಘನಳಿಗೆ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಎಂ.ಎ. ಸೀಟು ಸಿಕ್ಕಿತ್ತು. ಸೇರಿಕೊಳ್ಳಲು ನಾಳೆಯೇ ಕೊನೆ. ಅಪ್ಪನಿಗೋ ಬಿ.ಎಡ್. ಮೇಲೆ ಕಣ್ಣು. ಬಿ.ಎಡ್. ಮಾಡಿದರೆ ಟೀಚರ್ ಆಗುತ್ತಾಳೆ. ಬಸ್ಸಿನಲ್ಲಿ ಯಾರಾದರೂ ವಿಚಾರಿಸಿದರೆ ಒಂದೇ ಮಾತಲ್ಲಿ ಹೇಳಿ ಮುಗಿಸಬಹುದು. ಎಂ.ಎ. ಮಾಡಿದರೆ ಏನಾಗುತ್ತಾಳೆ?

"ಲೆಕ್ಚರರ್ ಆಗ್ಬಹುದು ಅಪ್ಪ. ಬ್ಯಾಂಕ್ ಪರೀಕ್ಷೆ ಬರೀಬಹುದು. ಅಂಕಿಅಂಶ ಇಲಾಖೆ ಇದೆ. ಅಡಿಕೆ ರೇಟು ಯಾಕೆ ಏರ್ತದೆ, ಯಾಕೆ ಇಳೀತದೆ ಅಂತ ಅಧ್ಯಯನ ಮಾಡೋ ಸಂಸ್ಥೆಗಳಿವೆ. ಅರ್ಥಶಾಸ್ತ್ರದವ್ರಿಗೇ ಅಂತ ಕೇಂದ್ರ ಸರ್ಕಾರದ ಹುದ್ದೆಗಳೂ ಇವೆ," ಎಂದು ಮೇಘನ ಬೆರಳು ಮಡಿಚಿದಳು.

"ಒಂದು ಹೇಳು ಅಂದ್ರೆ ಐದು ಹೇಳ್ತಿಯಲ್ಲ ಮಾರಾಯ್ತಿ," ಎಂದರು ರೇಣುಕಪ್ಪ. "ನನಗಂತೂ ತಲೆಬುಡ ತಿಳಿಯಲಿಲ್ಲ. ನಡಿ, ದೇವೀನೇ ಕೇಳುವ."

ದೇವಿಯ ಮೇಲೆ ನಂಬಿಕೆ ಇಲ್ಲದಿದ್ದರೆ ಮೇಘನಳಿಗೆ ಚಿಂತೆಯೇ ಇರುತ್ತಿರಲಿಲ್ಲ. ನಂಬಿಕೆ ಇತ್ತು, ಅದೇ ತಾಪತ್ರಯ. ಹೂ ಎಡಕ್ಕೆ ಬಿದ್ದರೆ ಮತ್ತೆ ಬಾಯಿ ತೆರೆಯುವ ಹಾಗಿರಲಿಲ್ಲ. ಅಪ್ಪ ಅಮ್ಮನ ಹಿಂದೆ ಅವಳೂ ಗುಡಿಯ ಮೆಟ್ಟಿಲು ಹತ್ತಿದಳು.

ಪೂಜಾರಿ ಧರ್ಮೇಶ ಹೂವಿನ ಎಸಳುಗಳನ್ನು ನೀರಲ್ಲದ್ದಿ ಅಂಟಿಸಿ, "ರೇಣುಕಣ್ಣ, ಎಂತ ಕೇಳ್ಬೇಕು? ಒಂದೇ ಮಾತಲ್ಲಿ ಹೇಳಿ," ಎಂದ.

ರೇಣುಕಪ್ಪ ಕೈಮುಗಿದರು. "ತಾಯಿ, ಮಗಳು ಎಂ.ಎ... ಅಲ್ಲ, ಬಿ.ಎಡ್. ಓದ್ಬೇಕಾ ಅಂತ ಕೇಳೋದಾ?"

"ಬಿ.ಎಡ್. ಅಂತ ಕೇಳಿ ಎಡಕ್ಕೆ ಬಿದ್ರೆ, ಎಂ.ಎ. ಓದಿಸ್ತೀರಾ?" ಎಂದ ಧರ್ಮೇಶ.

"ಹಾಂಗಂತ ಎಲ್ಲಿ ಹೇಳ್ದೆ?"

"ಎಂ.ಎ. ಅಂತಲೇ ಕೇಳಿ," ಎಂದರು ಮೇಘನಳ ತಾಯಿ ಪ್ರೇಮಕ್ಕ. "ಬಿ.ಎಡ್. ಆಮೇಲೂ ಮಾಡ್ಬಹುದು."

"ಎಂ.ಎ. ಮಾಡಿ ಯಾವ ಕೆಲಸ ಅಂತ ಸೇರಿಸ್ಬೇಕಲ್ಲ. ಐದರಲ್ಲಿ ಯಾವ್ದು ಹೇಳ್ಲಿ?"

ಈ ಚರ್ಚೆ ಕಾವೇರುತ್ತಿರುವಾಗಲೇ ಎಸಳೊಂದು ಪಟಕ್ಕನೆ ಬಲಕ್ಕೆ ಬಿತ್ತು.

"ಬಿ.ಎಡ್.ಗೆ ಒಪ್ಪಿಗೆ ಸಿಕ್ತು," ಎಂದರು ರೇಣುಕಪ್ಪ. ಎಂ.ಎ. ಮಾತಾಡುವಾಗ ಬಿದ್ದದ್ದಲ್ಲವೇ ಎಂದು ಪ್ರೇಮಕ್ಕ ಜಗಳಕ್ಕೆ ನಿಂತರು. ಧರ್ಮೇಶ ಇಬ್ಬರ ಮಾತನ್ನೂ ಒಪ್ಪಲಿಲ್ಲ. "ಕೇಳೋ ಮೊದ್ಲು ಬಿದ್ದದ್ದು ಲೆಕ್ಕಕ್ಕಿಲ್ಲ. ಇವತ್ತು ಇನ್ನು ಅಂಟಿಸೋ ಹಾಂಗಿಲ್ಲ, ಮಂಗಳವಾರ ಬನ್ನಿ."

ಮಂಗಳವಾರದ ಹೊತ್ತಿಗೆ ಸೀಟು ಬೇರೆಯವರ ಪಾಲಾಗಿರುತ್ತದೆ. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಿದ್ದ ಅಪ್ಪನ ಮುಖದಲ್ಲಿ ದಿಕ್ಕು ತೋಚದ ಗೊಂದಲವಿತ್ತು. ಮೇಘನಳಿಗೆ ಸಿಟ್ಟೂ ಬಂತು, ಪಾಪವೂ ಅನ್ನಿಸಿತು.

"ಅಪ್ಪ, ದೇವಿ ಮಂಗಳವಾರ ಹೇಳ್ಲಿ. ನಾನು ಕೇಳ್ತಿರೋದು ನಿನ್ನನ್ನ. ಕಳಿಸ್ತಿಯಾ, ಇಲ್ವಾ?"

ರೇಣುಕಪ್ಪ ಒಂದು ಚಪ್ಪಲಿಯಲ್ಲೇ ನಿಂತುಬಿಟ್ಟರು. ಹೀಗೆ ನೇರವಾಗಿ ಯಾರೂ ಅವರನ್ನು ಏನನ್ನೂ ಕೇಳಿರಲಿಲ್ಲ. "ನೀನು ಹೇಳಿದ ಕೆಲಸ ಒಂದೂ ಸಿಗದಿದ್ರೆ?"

"ಗೊತ್ತಿಲ್ಲ ಅಪ್ಪ. ನನಗೆ ಆ ವಿಷಯ ಇಷ್ಟ, ಅಷ್ಟೇ." ಹೇಳುತ್ತಿದ್ದಂತೆ ಅವಳ ಕಣ್ಣು ತುಂಬಿತು.

"ಇಷ್ಟ ಅಂತ ಮೊದ್ಲೇ ಹೇಳೋಕೆ ನಿಂಗೇನಾಗಿತ್ತು?" ರೇಣುಕಪ್ಪ ನಕ್ಕರು. "ಐದು ಕೆಲಸದ ಹೆಸರು ಹೇಳ್ದೆ, ಇದೊಂದು ಮಾತು ಹೇಳ್ಲಿಲ್ಲ. ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಹೋಗುವ, ನಾನೂ ಬರ್ತೀನಿ."

"ಮಂಗಳವಾರ ಹೂ ಎಡಕ್ಕೆ ಬಿದ್ರೆ?" ಪ್ರೇಮಕ್ಕ ಮೆಲ್ಲಗೆ ಕೆಣಕಿದರು.

"ಮಂಗಳವಾರ ಕೇಳೋದಿಲ್ಲ ಮಾರಾಯ್ತಿ," ಎಂದರು ರೇಣುಕಪ್ಪ, ಇನ್ನೊಂದು ಚಪ್ಪಲಿಗೆ ಕಾಲು ತೂರಿಸುತ್ತ. "ನಾನೇ ಬಲಕ್ಕೆ ಬಿದ್ದೆ ಅಂತ ಇಟ್ಕೊ."