ಬಲ್ಬ್ ಹಾಕಿ ಮಲಗು

ಮೇನ್ ಸ್ವಿಚ್ ಇಳಿಸಿದಾಗ ಒಂಬತ್ತು ಸಲ ಜನರೇಟರ್ ತಾನಾಗೇ ಗುಡುಗಿತು. ಹತ್ತನೇ ಸಲ ಉಸಿರೇ ಇಲ್ಲ.

ಮಿಡಿಗೇಶಿ ಪಕ್ಕದ ಹೆಂಗಸರ ಡೇರಿ. ಕಾರ್ಯದರ್ಶಿ ಗಂಗಲಕ್ಷ್ಮಮ್ಮ ಹೆಗಲ ಬ್ಯಾಗನ್ನು ಕುರ್ಚಿ ಮೇಲೆ ಕುಕ್ಕಿದರು. ಕರೆಂಟು ಹೋದಾಗಲೆಲ್ಲ ಓಡಿಬಂದು ಜನರೇಟರ್ ಎಬ್ಬಿಸುತ್ತಿದ್ದುದು ಅವರೊಬ್ಬರೇ. ಕೊರಟಗೆರೆ ಆಸ್ಪತ್ರೆಯಲ್ಲಿ ಮಗಳು ರಕ್ಷಾಗೆ ತಿಂಗಳು ತುಂಬುವ ಮೊದಲೇ ನೋವು ಶುರುವಾಗಿತ್ತು. ಬಸ್ಸಿಗೆ ಅರ್ಧ ಗಂಟೆ. ಹೋದರೆ ಹದಿನೈದು ದಿನ ಬರೋ ಹಾಗಿಲ್ಲ.

“ಹತ್ರಾಗೊಂದ್ಸಲ ಕೈ ಕೊಡೋದ್ನ ನಂಬಿ ಹೆಂಗ್ ಬುಟ್ಟೋಗ್ಲಮ್ಮ? ಕೂಲರ್ ನಿಂತ್ರೆ ಎಂಬತ್ತು ಮನೆ ಹಾಲು ಒಡೆದೋಗ್ತದೆ.”

ಮಧುಗಿರಿಯಿಂದ ಬಂದ ಇಂಜಿನಿಯರ್ ಲೋಹಿತಾಗೆ ನಾಚಿಕೆ, ಸಿಟ್ಟು ಒಟ್ಟಿಗೇ ಬಂದವು. ಜನರೇಟರ್ ಎಬ್ಬಿಸೋ ಪೆಟ್ಟಿಗೆ ಅವಳದೇ, ಅದರೊಳಗಿನ ಪ್ರೋಗ್ರಾಮೂ ಅವಳದೇ. ಅದರಲ್ಲಿ ಎರಡು ಥ್ರೆಡ್ಡು, ಇಬ್ಬರು ಆಳುಗಳು ಅಂದ್ಕೊಳ್ಳಿ. ಒಬ್ಬ ಕರೆಂಟು ಕಾಯೋನು, ಇನ್ನೊಬ್ಬ ಜನರೇಟರ್ ಎಬ್ಬಿಸೋನು. ಹೋದ ವಾರ ಈ ಎರಡನೆಯವನು ‘ಹೋಯ್ತಾ? ಹೋಯ್ತಾ?’ ಅಂತ ಎಡೆಬಿಡದೆ ಕೇಳಿ ಕೇಳಿ, ಪ್ರೊಸೆಸರ್ ಕಾಯಿಸಿ, ಬ್ಯಾಟರಿ ಬರಿದು ಮಾಡಿದ್ದ. ಅದಕ್ಕೇ ಅವನನ್ನು ಮಲಗಿಸಿದಳು. ಮೊದಲನೆಯವನು ಕೂಗಿದಾಗ ಏಳಬೇಕು. ಈಗ ನೋಡಿದರೆ ಮಹಾರಾಯ ಎದ್ದೇ ಇಲ್ಲ!

ಲ್ಯಾಪ್‌ಟಾಪಿನಲ್ಲಿ ಸಾಲು ಸಾಲು ಜಾಲಾಡಿದಳು. ಸಿಕ್ಕಿತು.

“ಕರೆಂಟು ಕಾಯೋನು ಕೂಗಿದ್ದಾನೆ ಅಕ್ಕ. ಮಲಗಿದೋನಿಗೆ ಮಾತ್ರ ಕೇಳೋ ಕೂಗು ಅದು. ಜನರೇಟರ್ ಎಬ್ಬಿಸೋನು ಕೆಲಸ ಇಲ್ಲ ಅಂತ ನೋಡಿ, ಆಗಷ್ಟೇ ತಲೆ ಇಡ್ತಿದ್ದ. ಆ ಸಂದಿನಲ್ಲಿ ಕೂಗು ಬಂದು ಹೋಗಿದೆ.”

“ಕೂಗೋದ್ಯಾಕಮ್ಮ?” ಗಂಗಲಕ್ಷ್ಮಮ್ಮ ರೇಗಿದರು. “ರಾತ್ರಿ ಯಾವಾಗ್ಲೋ ತೋಟದ ಪಂಪಿನ ಕರೆಂಟ್ ಬಂತು ಅಂತ ನಮ್ಗ್ಯಾರಾನಾ ಕೂಗ್ತಾರಾ? ಆ ಲೈನಿನ ಬಲ್ಬಿನ ಸ್ವಿಚ್ ಹಾಕಿ ಮಲಗ್ತೀವಿ. ಕರೆಂಟ್ ಬಂದ್ರೆ ನಾವ್ ಆರಿಸೋಗಂಟ ಉರೀತಾನೇ ಇರ್ತದೆ. ತಲೆ ಇಡೋಕ್ ಮುಂಚೆ ಬಂದ್ರೂ ಅಷ್ಟೆ, ಆಮ್ಯಾಕ್ ಬಂದ್ರೂ ಅಷ್ಟೆ.”

ಅಯ್ಯೋ ನನ್ನ ಬುದ್ಧಿಗಿಷ್ಟು! ಲೋಹಿತಾ ಕೂಗು ಕಿತ್ತುಹಾಕಿದಳು. ಕರೆಂಟು ಹೋದೊಡನೆ ಬಿದ್ದು, ಜನರೇಟರ್ ಏಳುವವರೆಗೂ ಅಳಿಯದ ಗುರುತೊಂದನ್ನು ಇಟ್ಟಳು. ಗುರುತು ನೋಡೋದಕ್ಕೂ ಮಲಗೋದಕ್ಕೂ ನಡುವೆ ಸಂದೇ ಇಲ್ಲದಂತೆ ಬೀಗ ಹಾಕಿದಳು.

ಸ್ವಿಚ್ ಇಳಿಸಿದರು, ಗುಡುಗಿತು. ಮತ್ತೆ ಇಳಿಸಿದರು, ಮತ್ತೆ ಗುಡುಗಿತು. ಹದಿನೆಂಟನೇ ಸಲಕ್ಕೆ ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿಸಿತು.

“ಹೋಗಿ ಅಕ್ಕ!”

“ಇಪ್ಪತ್ತಾಗ್ಲಿ ತಡಿ.”

ಹತ್ತೊಂಬತ್ತಾಯಿತು. ಮತ್ತೆ ಸ್ವಿಚ್ಚಿಗೆ ಕೈ ಚಾಚುವಷ್ಟರಲ್ಲಿ, ಯಾರೂ ಮುಟ್ಟದೆ ಫ್ಯಾನ್ ನಿಂತಿತು. ನಿಜವಾಗಿಯೇ ಕರೆಂಟು ಹೋಗಿತ್ತು. ಇಬ್ಬರೂ ಕಿವಿಗೊಟ್ಟರು. ಜನರೇಟರ್ ಒಮ್ಮೆ ಕೆಮ್ಮಿ, ಗುಡುಗಿತು.

ಗಂಗಲಕ್ಷ್ಮಮ್ಮ ಬ್ಯಾಗು ಎಳೆದುಕೊಂಡು ಓಡಿದರು, ಚಪ್ಪಲಿ ಬಾಗಿಲಲ್ಲೇ ಉಳಿಯಿತು.

ಆವತ್ತು ಕರೆಂಟು ಮತ್ತೂ ಮೂರು ಸಲ ಹೋಯಿತು, ಮೂರು ಸಲವೂ ಜನರೇಟರ್ ತಾನಾಗೇ ಎದ್ದಿತು. ಹಾಲು ಹೆಂಗೈತೆ ಅಂತ ಗಂಗಲಕ್ಷ್ಮಮ್ಮನ ಫೋನು ಈಗ ಬರುತ್ತೆ, ಆಗ ಬರುತ್ತೆ ಅಂತ ಲೋಹಿತಾ ಕಾದಳು. ಬಂದಾಗ ಸಂಜೆ ನಾಲ್ಕು.

“ಹೆಣ್ಣು ಮಗು ಕಣಮ್ಮ, ಇಬ್ರೂ ಚೆನ್ನಾಗವ್ರೆ,” ಅಂದರು, ಅತ್ತರು, ಫೋನಿಟ್ಟರು. ಹಾಲಿನ ಮಾತೇ ಎತ್ತಲಿಲ್ಲ.