ನಿಮಿಷಕ್ಕೊಂದು ಮೌನ

ಪರಿಮಳಾ ಅಣ್ಣನ ತಲೆಯ ಮೇಲೆ ಮತ್ತೊಮ್ಮೆ ಬಾಚಣಿಗೆ ಎಳೆದಳು. ಕೂದಲು ಮತ್ತೆ ಅದೇ ಗೆರೆಗೆ ಬಿದ್ದಿತು. ಹೆಡ್‌ಫೋನ್ ವರ್ಷಗಟ್ಟಲೆ ಒತ್ತಿ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಮೂಡಿಸಿದ ಗೆರೆ ಅದು. ಮೀಯಿಸಿದರೂ ಹೋಗಿರಲಿಲ್ಲ.

"ಬಿಡು ಪರಿಮಳಾ," ಎಂದಳು ದೇವಕಿ. "ಅದು ಹೋಪದಲ್ಲ."

ಶಿರಸಿಯ ಆ ಬಾಡಿಗೆ ಮನೆಯ ನಡುಕೋಣೆಯಲ್ಲಿ ದೇವಕಿಯ ಗಂಡ ರಘುಪತಿ ದರ್ಭೆಯ ಮೇಲೆ ಮಲಗಿದ್ದ. ಐವತ್ತಾರು ವರ್ಷ. ನಿನ್ನೆ ಸಂಜೆ ಸ್ಟುಡಿಯೋದ ಕುರ್ಚಿಯಲ್ಲಿ ಕೂತಲ್ಲೇ ಎದೆಬಡಿತ ನಿಂತುಹೋಗಿತ್ತು. ಮಕ್ಕಳಿಲ್ಲದ್ದರಿಂದ ಕೊಳ್ಳಿ ಇಡಬೇಕಾದವನು ಪರಿಮಳಳ ಮಗ ಚಿರಂತನ. ಅವನ ಜೀಪು ಯಲ್ಲಾಪುರದ ಹೆದ್ದಾರಿಯಲ್ಲಿ ಮಗುಚಿದ ಲಾರಿಯೊಂದರ ಹಿಂದೆ ಸಿಕ್ಕಿಕೊಂಡಿದೆ ಎಂದು ಫೋನ್ ಬಂದಿತ್ತು. ಹೀಗಾಗಿ ಎಲ್ಲರೂ ಕಾಯುತ್ತಿದ್ದರು. ಸಾವಿನ ಮನೆಯಲ್ಲಿ ಕಾಯುತ್ತ ಕೂತರೆ ಬೇಡದ ಮಾತು ಬಾರದೇ ಇರುವುದಿಲ್ಲ.

"ಅತ್ತಿಗೆ, ಬೇಜಾರು ಮಾಡ್ಕಳಡ. ನೀನು ಅಣ್ಣನ ಹತ್ರ ಮೂರು ತಿಂಗಳಿಂದ ಮಾತೇ ಆಡ್ತಿದ್ದಿಲ್ಲೆ ಅಡ. ಹೌದ?"

"ಹೌದು."

"ಎಂತಕ್ಕೆ?"

"ಯನ್ನ ಹತ್ರ ಹಾಡು, ಹಾಡು ಹೇಳಿ ಪೀಡಿಸ್ತಿದ್ರು. ಈ ದನಿಯಲ್ಲಿ."

ಏಳು ವರ್ಷದ ಹಿಂದೆ ಗಂಟಲಿನ ಗಡ್ಡೆ ತೆಗೆಸಿದಾಗ ದೇವಕಿಯ ಜೀವ ಉಳಿದಿತ್ತು, ದನಿ ಉಳಿದಿರಲಿಲ್ಲ. ಈಗ ಬರುತ್ತಿದ್ದುದು ಕಾಯಿ ತುರಿಯುವಂಥ ಸದ್ದು. ಪರಿಮಳಾ ಬಾಚಣಿಗೆಯನ್ನು ಕೆಳಗಿಟ್ಟಳು.

"ಆದ್ರೂ ಮಾತಾಡ್ಸದೇ ಕಳ್ಸಿಬಿಟ್ಯಲೆ ಅಂವನ್ನ."

ಬೆಳಗಿನಿಂದ ದೇವಕಿಯೂ ಅದನ್ನೇ ತನಗೆ ತಾನು ಹೇಳಿಕೊಳ್ಳುತ್ತಿದ್ದಳು.

*

ರಘುಪತಿಗೆ ಏನನ್ನಾದರೂ ಆರಿಸುವುದೆಂದರೆ ಪ್ರಾಣಸಂಕಟ. ತೆಂಗಿನಕಾಯಿ ತರಲು ಹೋದರೆ ಇಡೀ ರಾಶಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ ಅಂಗಡಿಯವನ ತಾಳ್ಮೆ ಕೆಡಿಸುತ್ತಿದ್ದ ಪುಣ್ಯಾತ್ಮ. ಭಜನೆ, ತಾಳಮದ್ದಳೆಗಳನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಡುವ ಒಂದೇ ಕೋಣೆಯ ಸ್ಟುಡಿಯೋ ಅವನದು. ಅಲ್ಲಿಗೆ ಕಂಪ್ಯೂಟರ್ ಬಂದ ಮೇಲೆ, ಅಂದರೆ ಇದೇ ೨೦೦೪ರ ಮೊದಲಲ್ಲಿ, ಆ ರೋಗ ಹೆಚ್ಚಾಯಿತು.

ಅವನು ಸರಿಮಾಡಹೊರಟದ್ದು ಒಂದೇ ಹಾಡನ್ನು. ೧೯೯೩ರ ನವರಾತ್ರಿಯಲ್ಲಿ ದೇವಕಿ ಹಾಡಿದ, ಅವಳ ತಾಯಿ ಕಟ್ಟಿದ ಭಜನೆ. ಅವಳ ಹಳೆಯ ದನಿ ಉಳಿದಿದ್ದುದು ಆ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ. ಅದೂ ಸ್ಟುಡಿಯೋದ ವಾದಕ ಮನೋಹರನ ಢೋಲಕ್ಕಿನ ಪೆಟ್ಟು, ತಾಳದ ಕಿಣಿಕಿಣಿಗಳ ಅಡಿಯಲ್ಲಿ ಹೂತುಹೋಗಿತ್ತು. ಜೋರಾದ ಸದ್ದನ್ನು ತಗ್ಗಿಸುವ ಸಾಮಾನ್ಯ ಕಂಪ್ರೆಸರ್ ಹಾಕಿದರೆ ಢೋಲಕ್ ಬಿದ್ದಾಗಲೆಲ್ಲ ಅದರ ಜೊತೆ ದನಿಯೂ ಕುಗ್ಗುತ್ತಿತ್ತು. ಬೇಕಾದದ್ದು ಮಲ್ಟಿಬ್ಯಾಂಡ್. ಸದ್ದನ್ನು ದಪ್ಪ, ನಡು, ಸಣ್ಣ ಎಂದು ಪಟ್ಟಿಪಟ್ಟಿಯಾಗಿ ಬೇರೆ ಮಾಡಿ, ಜಾಸ್ತಿಯಾದ ಪಟ್ಟಿಯನ್ನಷ್ಟೇ ಒತ್ತಿಹಿಡಿಯುವಂಥದ್ದು.

ಅಂಥ ಮೂರು ಸಾಫ್ಟ್‌ವೇರ್ ಸಿಕ್ಕವು. ಮೊದಲನೆಯದರಲ್ಲಿ ಢೋಲಕ್ ಸತ್ತೇಹೋಯಿತು. ಎರಡನೆಯದರಲ್ಲಿ ದೇವಕಿ ಕೊಡಪಾನದೊಳಗೆ ಕೂತು ಹಾಡಿದ ಹಾಗೆ ಕೇಳಿತು. ಅದೇ ನಲವತ್ತು ಸೆಕೆಂಡಿನ ತುಣುಕನ್ನು ತಿಂಗಳುಗಟ್ಟಲೆ ತಿರುಗಿಸಿ ತಿರುಗಿಸಿ ಕೇಳಿದ. ಕೊನೆಗೊಂದು ದಿನ ಊಟಕ್ಕೆ ಕೂತಾಗ, "ಮೂರನೇದೇ ಸರಿ ದೇವಕಿ. ನಿನ್ನ ಉಸಿರು ತಗಂಬದೂ ಕೇಳ್ತು," ಎಂದ. ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡಿದ್ದ.

ಆ ವಾರವೇ ಸಿಡಿಲು ಬಡಿದು ಕಂಪ್ಯೂಟರ್ ಸುಟ್ಟಿತು. ಹೊಸತು ತಂದ. ಆದರೆ ಹಾಡಿನ ಸುದ್ದಿ ಎತ್ತಲಿಲ್ಲ. ಬದಲಿಗೆ ಮೈಕ್ ಹಿಡಿದು ಅಡುಗೆಮನೆಗೆ ಬರತೊಡಗಿದ.

"ದೇವಕಿ, 'ದಾಟಿ ಬಾರೋ' ಹೇಳಿ ಒಂದ್ಸಲ ಹೇಳು. ರಾಗದಲ್ಲಿ."

ಮೊದಲ ದಿನ ತಮಾಷೆ ಎಂದುಕೊಂಡಳು. ನಾಲ್ಕನೆಯ ದಿನ ಸೌಟು ಕೆಳಗಿಟ್ಟಳು.

"ನಿಂಗಕ್ಕೆ ಬೇಕಾಗಿದ್ದು ಆ ಹಳೆ ದನಿ. ಆನಲ್ಲ. ಯನ್ನ ಬಾಯಿಂದ ಇದನ್ನ ಕೇಳಿ ಅದಕ್ಕೂ ಇದಕ್ಕೂ ಹೋಲ್ಸಿ ನೋಡ್ತ್ರ?"

ರಘುಪತಿ ಏನೋ ಹೇಳಹೊರಟ. ಆಮೇಲೆ ಮೈಕಿನ ವಯರು ಸುತ್ತುತ್ತ ಹೊರಟುಹೋದ. ಅಂದಿನಿಂದ ಅವಳು ಮಾತು ಬಿಟ್ಟಳು. ಬಡಿಸುತ್ತಿದ್ದಳು, ಅಷ್ಟೆ.

*

ಹನ್ನೊಂದರ ಹೊತ್ತಿಗೆ ಮನೋಹರ ಬಂದ. ದಾಸನಕೊಪ್ಪದವನು, ಇಪ್ಪತ್ತು ವರ್ಷದಿಂದ ರಘುಪತಿಯ ಸ್ಟುಡಿಯೋದಲ್ಲಿ ಢೋಲಕ್, ತಬಲಾ ಎಲ್ಲ ಅವನದೇ. ಬಗಲಿನಲ್ಲಿ ಟೇಪ್‌ರೆಕಾರ್ಡರ್, ಕೈಯಲ್ಲಿ ಕ್ಯಾಸೆಟ್. ದೇವಕಿಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅಕ್ಕಾರ, ನಿಮಗ ಹೇಳಬ್ಯಾಡ ಅಂದಿದ್ರು ರಘಣ್ಣ. ಇನ್ನ ಹೆಂಗ ಹೇಳದ ಇರ್ಲಿ?"

ಕ್ಯಾಸೆಟ್ಟಿನ ಮೇಲಂಚು ತೋರಿಸಿದ. ಇದರ ಮೇಲೆ ಬೇರೇನೂ ತುಂಬಬಾರದೆಂದು ೧೯೯೩ರಲ್ಲಿ ಚೂರು ಮುರಿದು ಮಾಡಿದ್ದ ಕಿಂಡಿಗೆ ಈಗ ಗಮ್‌ಟೇಪ್ ಅಂಟಿಸಿತ್ತು. ಖಾಲಿ ಕ್ಯಾಸೆಟ್ ಯಾಕೆ ದಂಡ ಎಂದು ಹಳತರ ಮೇಲೇ ಹೊಸತನ್ನು ತುಂಬಿ ರೂಢಿಯಾದ ರಘುಪತಿಯ ಕೈ ಅದು.

"ಸರಿಮಾಡಿದ ಹಾಡು ಇದರ ಮ್ಯಾಲೇ ತುಂಬಿದ್ರು, ನಿಮಗ ಮನ್ಯಾಗ ಕೇಳಸಾಕ. ಆದ್ರ ಆ ಮೂರನೇದು ಪುಗಸಟ್ಟೆ ಕೊಡೋ ಸ್ಯಾಂಪಲ್ ನೋಡ್ರಿ. ರೊಕ್ಕಾ ಕೊಟ್ಟು ಕೊಳ್ಳೂತನಕ ನಿಮಿಷಕ್ಕೊಮ್ಮೆ ಎರಡು ಸೆಕೆಂಡ್ ಸದ್ದು ಕೊಂದಬಿಡತದ. ಇವರು ಕೇಳತಿದ್ದದ್ದು ಬರೇ ನಲವತ್ತು ಸೆಕೆಂಡ್. ಗೊತ್ತ ಆಗ್ಲಿಲ್ಲ. ಗೊತ್ತಾಗೂದರಾಗ ಕಂಪ್ಯೂಟರ್‌ನ್ಯಾಗಿನ ಅಸಲೀದು ಸಿಡಿಲಿಗೆ ಹೋಗಿತ್ತು."

"ಅಂದ್ರೆ ಯನ್ನ ದನಿ..." ಎಂದಳು ದೇವಕಿ.

"ಆರು ನಿಮಿಷದಾಗ ಐದು ತೂತು. ಅದನ್ನ ತುಂಬಾಕ ನಿಮ್ಮನ್ನ ಕೇಳತಿದ್ರು. ನಾ ಅಂದೆ, ಬ್ಯಾರೆ ಹುಡಿಗೀರನ್ನ ಕರಸೂಣು ಅಂತ. ಬೈದ್ರು ನನಗ. 'ಹರಕ ದನಿ ಆದ್ರೂ ಅಡ್ಡಿಲ್ಲ, ಆ ಜಾಗಾಕ್ಕ ಆಕೀದೇ ಬೇಕು' ಅಂದ್ರು."

ದೇವಕಿ ಗಂಡನ ಮುಖವನ್ನು ನೋಡಿದಳು. ಸಿಟ್ಟೇ ಬಂತು.

"ಹೇಳಲೆ ಎಂತಾಗಿತ್ತು ಇವ್ರಿಗೆ? ಹೋತು, ಹಾಳು ಮಾಡಿದೆ ಹೇಳಿದ್ರೆ ಆತಿತ್ತಲ್ದ. ಮೂರು ತಿಂಗಳು, ಪರಿಮಳಾ. ಮೂರು ತಿಂಗಳು ಗೋಡೆ ನೋಡ್ಕಂಡು ಉಂಡ್ರು."

ಪರಿಮಳಾ ಅತ್ತಿಗೆಯ ಕೈ ಹಿಡಿದುಕೊಂಡಳು. ಹೊರಗೆ ಜೀಪು ನಿಂತ ಸದ್ದಾಯಿತು. ಚಿರಂತನ ಬಂದಿದ್ದ. ಭಟ್ಟರು ಇನ್ನು ತಡಮಾಡುವುದು ಬೇಡ ಎಂದರು; ಮಂತ್ರವೂ ಮುಗಿಯಿತು. ಗಂಡಸರು ಚಟ್ಟಕ್ಕೆ ಕೈ ಹಾಕಿದರು. ಹೆಂಗಸರು ಹೊಸಿಲಿನವರೆಗೆ ಮಾತ್ರ.

"ಟೇಪು ಹಚ್ಚು ಮನೋಹರ," ಎಂದಳು ದೇವಕಿ.

"ಈಗನಾ, ಅಕ್ಕಾರ?"

"ಈಗಲೇ."

ಟೇಪು ತಿರುಗಿತು. ಢೋಲಕ್ ದೂರ ಸರಿದಿತ್ತು. ಆ ದನಿ ಪಕ್ಕದಲ್ಲೇ ಕೂತು ಹಾಡಿದಷ್ಟು ಸ್ಪಷ್ಟವಾಗಿತ್ತು, ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತಿತ್ತು. ರಘುಪತಿ ಸರಿಯಾದದ್ದನ್ನೇ ಆರಿಸಿದ್ದ. ಮೊದಲ ನಿಮಿಷ ಮುಗಿದಲ್ಲಿ ಸದ್ದು ಸತ್ತಿತು. ಎಲ್ಲರೂ ಟೇಪ್‌ರೆಕಾರ್ಡರ್ ಕಡೆ ನೋಡಿದರು. ಎರಡು ಸೆಕೆಂಡು ಕಳೆದು ಹಾಡು ಮುಂದುವರಿಯಿತು. ದೇವಕಿಯ ತುಟಿ ಅಲುಗಿತ್ತು, ಸದ್ದು ಹೊರಟಿರಲಿಲ್ಲ.

ಚಟ್ಟ ಹೆಗಲೇರಿತು. ಮುಂದಿದ್ದ ಚಿರಂತನ ಬಾಗಿಲಿಗೆ ಬಂದ. ಟೇಪಿನಲ್ಲಿ ಪಲ್ಲವಿ ಮತ್ತೆ ಬಂತು.

"ಹೊಸಿಲ..."

ಮೌನ.

"ದಾಟಿ ಬಾರೋ," ಎಂದು ಹಾಡಿದಳು ದೇವಕಿ. ದನಿ ಎರಡು ಕಡೆ ಒಡೆಯಿತು. ಎರಡು ಸೆಕೆಂಡು ಅವಳಿಗೆ ಸಾಲಲಿಲ್ಲ. "ಬಾರೋ" ಮುಗಿಯುವ ಮೊದಲೇ ಹನ್ನೊಂದು ವರ್ಷದ ಹಿಂದಿನ ದೇವಕಿ "ಹರಿಯೇ" ಎಂದು ಬಂದು ಸೇರಿಕೊಂಡಳು. ಹೆಗಲು ಕೊಟ್ಟವರು ಹೊಸಿಲಿನ ಮೇಲೆ ಒಂದು ಕಾಲಿಟ್ಟು ಹಾಗೇ ನಿಂತಿದ್ದರು. ಮನೋಹರನ ಬೆರಳು ಗೋಡೆಯ ಮೇಲೆ ತಾಳ ಹಾಕುತ್ತ ಮುಂದಿನ ನಿಮಿಷವನ್ನು ಎಣಿಸುತ್ತಿತ್ತು.